ಉಪ್ಪು ಮರೆತವನ ಹಾಡು

ನಮ್ಮೂರಿನಲ್ಲಿ ಮಹಾರಾಜರಿಗೆ ಬರವಿಲ್ಲ. ಬಸ್ ಸ್ಟ್ಯಾಂಡಿನ ಎದುರು ಚಹಾ ಸೋಸುವವನು ಮಾಜಿ ಮಹಾರಾಜ, ಅಂಚೆ ಹಂಚುವವನು ಮಾಜಿ ಮಹಾರಾಜ, ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತವನೂ ಒಂದು ಕಾಲಕ್ಕೆ ಕಿರೀಟ ಇಟ್ಟವನೇ. ನಮ್ಮ ಮನೆಯವರು, ಸೈಕಲ್ ಅಂಗಡಿ ಫಕೀರಪ್ಪ, ನನ್ನನ್ನು ಮದುವೆಯಾಗುವ ಹಿಂದಿನ ವರ್ಷ ರಾಜರಾಗಿ ಮೆರೆದು ಇಳಿದವರು. ಇವತ್ತಿಗೂ ಹಳೆಯ ಗೆಳೆಯರು ಸೈಕಲ್ ತಳ್ಳಿಕೊಂಡು ಬಂದು, “ಮಹಾರಾಜ್ರ, ಹಿಂದಿನ ಗಾಲಿಗೆ ಒಂದೀಟು ಗಾಳಿ ದಯಪಾಲಸ್ರಿ” ಅನ್ನುತ್ತಾರೆ. ಇವರೂ ಗತ್ತು ಬಿಡದೆ ಪಂಪು ಒತ್ತುತ್ತಾರೆ. ಗಂಡನ ಹೆಸರು ಬರೆದುಬಿಟ್ಟಳಲ್ಲ ಎಂದು ನಗಬೇಡಿ. ಬಾಯಿಬಿಟ್ಟು ಹೇಳುವುದಕ್ಕಿಂತ ಬರೆಯುವುದು ಸಲೀಸು.

ಇಷ್ಟೊಂದು ರಾಜರಾಣಿಯರು ಒಂದೇ ಊರಿನಲ್ಲಿ ಯಾಕೆ ಅಂದರೆ, ನಮ್ಮಲ್ಲಿ ಒಮ್ಮೆ ಪೂರ್ತಿ ಹಾಡಿದ ಹಾಡು ಮತ್ತೆ ಆ ಗಂಟಲಿಗೆ ಬರುವುದಿಲ್ಲ. ಬೇರೆಯವರು ಹಾಡಿದರೆ ಕೇಳಬಹುದು, ಇಂಥದ್ದೇ ಹಾಡು ಎಂದು ಗುರುತು ಹಿಡಿಯಬಹುದು. ಆದರೆ ನಿಮ್ಮ ಬಾಯಲ್ಲಿ ಅದರ ರಾಗ ಏಳುವುದಿಲ್ಲ. ನಮ್ಮದು ಹಾಡಿನ ನಾಟಕ. ಅಜ್ಜ ಮುತ್ತಜ್ಜರ ಕಾಲದಿಂದ ಪ್ರತಿ ಚಳಿಗಾಲ ಅದೊಂದನ್ನೇ ಆಡುತ್ತೇವೆ. ಈ ವರ್ಷ ರಾಣಿಯಾದವಳ ಗಂಟಲಲ್ಲಿ ರಾಣಿಯ ಹಾಡುಗಳೆಲ್ಲ ಮುಗಿದುಹೋಗಿರುತ್ತವಲ್ಲ, ಹಾಗಾಗಿ ಮುಂದಿನ ವರ್ಷ ಹೊಸಬಳು ಬರಬೇಕು. ಇಳಿದ ರಾಜರೆಲ್ಲ ಮುಂದಿನ ಸಾಲಿನಲ್ಲಿ ಕೂತು, ತಮ್ಮದಾಗಿದ್ದ ಹಾಡನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ತಲೆದೂಗುತ್ತಾರೆ. ಕೆಲವರು ಹೊಟ್ಟೆಕಿಚ್ಚೂ ಪಡುತ್ತಾರೆ, ಅದನ್ನು ಯಾಕೆ ಮುಚ್ಚಿಡಲಿ.

ಅದಕ್ಕೇ ನಾವು ಕೊನೆಯ ಸಾಲು ಉಳಿಸಿ ಹಾಡುವವರು. ಕೊನೆಯ ಸಾಲು ಬಾಯಿ ದಾಟುವವರೆಗೂ ಹಾಡು ನಿಮ್ಮದೇ, ಎಷ್ಟು ಸಲ ಬೇಕಾದರೂ ಹಾಡಿಕೊಳ್ಳಬಹುದು. ಭಜನೆಯಲ್ಲಿ ಕೊನೆಯ ಸಾಲು ಬಂತೆಂದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ತಾಳ ಮಾತ್ರ ಬಾರಿಸುತ್ತಾರೆ. ಮದುವೆ ಮನೆಯಲ್ಲಿ ಬೀಗರನ್ನು ಹಾಡಿನಲ್ಲಿ ಹಿಗ್ಗಾಮುಗ್ಗಾ ಬೈದು, ಕೊನೆಯ ಬೈಗುಳ ನುಂಗಿಕೊಂಡು ಸುಮ್ಮನಾಗುತ್ತೇವೆ. ಕುಡಿದು ಹಾಡಲು ಶುರು ಮಾಡಿದ ಗಂಡಂದಿರ ಬಾಯಿಗೆ ಹೆಂಡತಿಯರು ರೊಟ್ಟಿ ತುರುಕಿ ಮನೆಗೆ ಎಳೆದುಕೊಂಡು ಬರುತ್ತಾರೆ. ಪರವೂರಿನ ನೆಂಟರು, “ನಿಮ್ಮೂರ ಮಂದಿಗೆ ಯಾವ ಹಾಡೂ ಪೂರಾ ಬರೂದಿಲ್ಲೇನ?” ಎಂದು ಕೇಳಿದರೆ ನಾವು ನಕ್ಕು ಚಹಾ ಕೊಡುತ್ತೇವೆ. ಹಾಡು ಹೋದಮೇಲೆ ಅದರ ಮಾತುಗಳೇನೋ ಉಳಿಯುತ್ತವೆ. ಆದರೆ ಹಾಡಿನ ಮಾತನ್ನು ರಾಗವಿಲ್ಲದೆ, ಬರೀ ಮಾತಾಗಿ ಇನ್ನೊಬ್ಬರ ಮುಖ ನೋಡಿ ಹೇಳುವುದೆಂದರೆ ನಮ್ಮಲ್ಲಿ ಮೈಯೆಲ್ಲ ಹಿಡಿಯಾಗಿಸುವ ನಾಚಿಕೆ. ಸತ್ತರೂ ಯಾರೂ ಹಾಗೆ ಹೇಳುವುದಿಲ್ಲ.

ನಾನು ಹಾಡಿನ ವಿಷಯದಲ್ಲಿ ಕೈ ಬಿಗಿ ಮಾಡಿ ಬದುಕಿದವಳು. ನಮ್ಮ ಮನೆಯವರದು ಧಾರಾಳ ಕೈ. ಯಾರು ಕೇಳಿದರೂ ಹಾಡಿದರು, ಪೂರ್ತಿ ಹಾಡಿದರು. ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರಿಗೆ ಬೇಜಾರಾಗದಿರಲಿ ಎಂದು ಒಂದು, ಗುರುತೇ ಇಲ್ಲದವರ ತೊಟ್ಟಿಲ ಕಾರ್ಯದಲ್ಲಿ ಇನ್ನೊಂದು, ಹಲ್ಲು ನೋವಿನಿಂದ ಅಳುತ್ತಿದ್ದ ಗಿರಾಕಿಗೆ ಮತ್ತೊಂದು. ನಡುವಯಸ್ಸಿಗೆ ಬರುವಷ್ಟರಲ್ಲಿ ಅವರ ಗಂಟಲು ಖಾಲಿ. ಈಗ ಪಂಕ್ಚರ್ ತಿದ್ದುವಾಗ ಗಾಲಿಯ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು ಇರುತ್ತಾರೆ. ನಾನೋ, ಮನೆಯಲ್ಲಿ ಕಡಕ್ ರೊಟ್ಟಿ ಬಡಿದು ಮಾರುವವಳು. ನನ್ನ ಜೊತೆ ರೊಟ್ಟಿ ಬಡಿಯಲು ಬರುವ ಓಣಿಯ ಹೆಂಗಸರು ಬಡಿತಕ್ಕೆ ತಕ್ಕಂತೆ ಗುನುಗಿದರೆ ಕೇಳುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ, ನನ್ನದನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಪಕ್ಕದ ಮನೆಯ ಕಸ್ತೂರವ್ವ ಎಷ್ಟೋ ಸಲ ಅಂದಿದ್ದಾಳೆ, “ನೀಲವ್ವಾ, ನೀ ಸ್ವರ್ಗಕ್ಕ ಹೋಗೂ ಮುಂದ ಟ್ರಂಕು ತುಂಬ ಹಾಡು ಹೊತ್ಕೊಂಡ ಹೋಗಾಕಿ ನೋಡ.”

ನನ್ನ ಹಾಡುಗಳಲ್ಲೆಲ್ಲ ದೊಡ್ಡದೆಂದರೆ ಒಂದೇ, ಅದು ಇವರು ಕೊಟ್ಟದ್ದು. ಮದುವೆಯಾದ ಮೊದಲ ವಾರ ಇವರನ್ನು ಸಂತೆಗೆ ಕಳಿಸಿದ್ದೆ. ಉಪ್ಪು ತನ್ನಿ, ಸೊಪ್ಪು ತನ್ನಿ, ನನಗೆ ಬಳೆ ತನ್ನಿ, ಒಂದು ಬಾಚಣಿಗೆ ತನ್ನಿ ಎಂದು ನಾಲ್ಕೇ ನಾಲ್ಕು ಹೇಳಿದ್ದೆ. ಹೊತ್ತು ಮುಳುಗುವಾಗ ಖಾಲಿ ಚೀಲ ಬೀಸಿಕೊಂಡು ಬಂದರು. ನಾನು ಹೊಸಿಲಲ್ಲೇ ತಡೆದು ಸೊಂಟದ ಮೇಲೆ ಕೈ ಇಟ್ಟೆ. ಬೈಗುಳ ನನ್ನ ಬಾಯಿಂದ ಹೊರಡುವ ಮೊದಲೇ ಇವರು ದಾರಿಯಲ್ಲಿ ತಾವೇ ಕಟ್ಟಿಕೊಂಡು ಬಂದ ಹಾಡು ಎತ್ತಿದರು. “ಸಂತೀಗಿ ಹೋದಾಂವ ಏನೇನು ತಂದಿ? ಉಪ್ಪ ಮರತ ಬಂದೆ, ಸೊಪ್ಪ ಮರತ ಬಂದೆ, ಬಳಿ ಮರತ ಬಂದೆ, ಬಾಚಣಿಕಿ ಮರತ ಬಂದೆ. ಬರಿಗೈಲೆ ಬಂದಾಂವ ಏನ ಹೊತ್ತ ತಂದಿ?” ಅದಾದ ಮೇಲೆ ಇರುವುದು ಒಂದೇ ಸಾಲು. ಅದನ್ನೂ ಹಾಡಿಬಿಟ್ಟರು. ಆಗಷ್ಟೇ ಹುಟ್ಟಿದ ಹಾಡು, ಇನ್ನೂ ಬಿಸಿ ಆರದ ಹಾಡು, ಆ ಹೊಸಿಲಲ್ಲೇ ಖರ್ಚಾಗಿಹೋಯಿತು. ನನಗೆ ಉಪ್ಪಿನ ಸಿಟ್ಟು ಮರೆತು ಬೇರೆ ಸಿಟ್ಟು ಬಂತು. “ಹುಚ್ಚಪ್ಪ ಅದೀರೇನ್ರಿ? ಒಂದ ದಿನಾ ಆದ್ರೂ ಉಳಿಸಬಾರದಾ?” ಅಂದೆ. “ನಿನ್ನ ಹಂತೇಕ ಐತೆಲ್ಲ ಈಗ” ಅಂದರು.

ಹೌದು, ನನ್ನ ಹತ್ತಿರ ಇತ್ತು. ಲೋಕದಲ್ಲಿ ನನ್ನೊಬ್ಬಳ ಹತ್ತಿರವೇ ಇತ್ತು. ಅವತ್ತಿನಿಂದ ದಿನವೂ ದೀಪ ಹಚ್ಚುವ ಹೊತ್ತಿಗೆ, ಇವರು ಅಂಗಡಿ ಮುಚ್ಚಿ ಕೈ ತೊಳೆದು ಬಂದು ಕಂಬಕ್ಕೆ ಒರಗಿದರೆ, ನಾನು ಬಾಗಿಲು ಮುಂದೆ ಮಾಡಿ, ಪಕ್ಕದ ಮನೆಗೆ ಕೇಳದಷ್ಟು ಮೆಲ್ಲಗೆ ಅದನ್ನು ಗುನುಗುತ್ತಿದ್ದೆ. ‘ಏನ ಹೊತ್ತ ತಂದಿ’ ಎನ್ನುವಲ್ಲಿಗೆ ಬರುತ್ತಲೇ ಇವರು ಬಲಗೈ ಅಂಗೈ ಎತ್ತಿ, “ಸಾಕ, ಇಡು” ಅನ್ನುತ್ತಿದ್ದರು. ನಾನು ನಿಲ್ಲಿಸುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಮನೆಯಲ್ಲಿ ಮಕ್ಕಳಿಲ್ಲ, ಇರುವುದೇ ಇಬ್ಬರು. ಜಗಳವಾಡಿದ ದಿನವೂ ಗುನುಗಿದ್ದೇನೆ, ಆದರೆ ಮುಖ ಗೋಡೆಯ ಕಡೆ ಮಾಡಿಕೊಂಡು.

ಇನ್ನು ನನ್ನ ಆಸೆಯ ಸುದ್ದಿ. ನಾನು ಒಮ್ಮೆ, ಒಂದೇ ಒಂದು ಸಲ, ರಾಣಿಯಾಗಬೇಕು. ನಾಟಕದಲ್ಲಿ ರಾಜ ಕಾಡು ಸೇರುತ್ತಾನೆ, ರಾಣಿ ಒಬ್ಬಳೇ ಸಿಂಹಾಸನವೇರಿ ಊರು ಆಳುತ್ತಾಳೆ. ಪರದೆ ಎದ್ದಾಗ ಅವಳು ಬೆನ್ನು ಮಾಡಿ ನಿಂತಿರುತ್ತಾಳೆ, ಹಾರ್ಮೋನಿಯಂ ಪೇಟಿಯ ಒಂದು ಎಳೆ ಸ್ವರಕ್ಕೆ ನಿಧಾನ ತಿರುಗಿ ಹಾಡಲು ಶುರು ಮಾಡುತ್ತಾಳೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ತಿರುಗುವಿಕೆ ನೋಡಿದ್ದೆ. ಆಮೇಲೆ ಒಲೆಯ ಮುಂದಿನಿಂದ ಎದ್ದು ತಿರುಗುವಾಗೆಲ್ಲ ನಾನೂ ಸ್ವಲ್ಪ ನಿಧಾನವೇ ತಿರುಗುತ್ತೇನೆ.

ಪಾತ್ರ ಬೇಕಾದವರು ಪೇಟಿ ಮಾಸ್ತರ ಇಮಾಮಸಾಬರ ಮುಂದೆ ನಿಂತು ತಮಗೆ ಇಷ್ಟಬಂದ ಒಂದು ಹಾಡನ್ನು ಪೂರ್ತಿ ಹಾಡಬೇಕು. ಹೊಸ ಹುಡುಗರು ಅದಕ್ಕೆ ಆಡಿಷನ್ ಅನ್ನುತ್ತಾರೆ, ನಾವು ‘ಹಾಡು ಕೊಡುವುದು’ ಅನ್ನುತ್ತೇವೆ. ಕೊನೆಯ ಸಾಲು ನುಂಗಿದರೆ ಲೆಕ್ಕಕ್ಕಿಲ್ಲ, ಯಾಕೆಂದರೆ ಹಾಡುವವರು ಹಾಡನ್ನು ಹೇಗೆ ಇಳಿಸುತ್ತಾರೆ ಎಂಬುದರ ಮೇಲೇ ಮಾಸ್ತರರ ಕಣ್ಣು. ಒಂದು ಪಾತ್ರಕ್ಕೆ ಒಬ್ಬರು ಮೂರು ಸಲ ಹಾಡು ಕೊಡಬಹುದು, ನಾಲ್ಕನೆಯದಿಲ್ಲ. ನಾನು ಎರಡು ಸಲ ಕೊಟ್ಟು ಸೋತಿದ್ದೆ. ಮೊದಲ ಸಲ ರೇಡಿಯೋದಲ್ಲಿ ಬರುತ್ತಿದ್ದ ಹಲ್ಲುಪುಡಿ ಜಾಹೀರಾತಿನ ಹಾಡು ಕೊಟ್ಟೆ. ಹೋದರೆ ಹೋಗಲಿ, ಅದರಿಂದ ನನಗೇನು ಆಗಬೇಕಿದೆ ಎಂಬ ಲೆಕ್ಕಾಚಾರ. ಎರಡನೆಯ ಸಲ ಶಾಲೆಯಲ್ಲಿ ರಾಗವಾಗಿ ಕಲಿಸಿದ ಏಳರ ಮಗ್ಗಿ ಕೊಟ್ಟೆ. ಸ್ವರ ಎಲ್ಲೂ ತಪ್ಪಲಿಲ್ಲ. ಮಾಸ್ತರರು ಪೇಟಿ ಮುಚ್ಚಿ, “ಏಳ ಹತ್ಲೆ ಎಪ್ಪತ್ತು, ಸರಿ ಐತೆವ್ವ” ಎಂದರು, ಅಷ್ಟೆ. ಅವತ್ತಿನಿಂದ ಏಳರ ಮಗ್ಗಿ ನನಗೆ ತಡವರಿಸಿ ತಡವರಿಸಿ ಬರುತ್ತದೆ.

ಈ ವರ್ಷ ಮೂರನೆಯದು. ಹಾಡು ಕೊಡುವ ದಿನ ಹತ್ತಿರ ಬಂದಂತೆ ನಾನು ಇಮಾಮಸಾಬರ ಮನೆಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಅವರು ಹಾರ್ಮೋನಿಯಂನ ಹಲಗೆ ಬಿಚ್ಚಿ ಧೂಳು ಒರೆಸುತ್ತಿದ್ದರು. ಊರಿಗೆಲ್ಲ ಹಾಡಿಸುವ ಇಮಾಮಸಾಬರು ತಾವು ಮಾತ್ರ ಹಾಡಿದ್ದನ್ನು ನಾನು ಕೇಳಿಲ್ಲ. ಪೇಟಿಗೆ ನಮ್ಮೂರಿನ ಕಟ್ಟುಪಾಡಿಲ್ಲ, ಎಷ್ಟು ನುಡಿಸಿದರೂ ಅದರ ರಾಗ ಖಾಲಿಯಾಗುವುದಿಲ್ಲ, ಅದೇ ಸಾಕು ಅನ್ನುತ್ತಾರೆ. ನಾನು ಗಂಟು ಬಿಚ್ಚಿಟ್ಟು, “ಮಾಸ್ತರ್ರ, ಈ ಸಲ ಎಂಥಾ ಹಾಡು ಕೊಡ್ಲಿ?” ಎಂದು ಕೇಳಿದೆ.

“ರೊಟ್ಟಿ ಲಂಚ ಏನವ್ವ?”

“ಅಯ್ಯ, ಹಂಗ್ಯಾಕಂತೀರಿ. ಹಸದೀರೇನೋ ಅಂತ ತಂದೆ.”

ಅವರು ರೊಟ್ಟಿ ಮುರಿದು ಬಾಯಿಗಿಟ್ಟು, ಚಟ್ನಿಗೆ ಇನ್ನಷ್ಟು ಬೆಳ್ಳುಳ್ಳಿ ಬೇಕಿತ್ತು ಎಂದು ಹೇಳಿ, ಆಮೇಲೆ ನನ್ನ ಮುಖ ನೋಡಿದರು. “ನೀಲವ್ವ, ಸಿಟ್ಟಾಗಬ್ಯಾಡ. ನಿನ್ನ ಗಂಟಲಾ ಚೊಲೊ ಐತಿ. ಖರೆ, ನೀ ಹಾಡು ಕೊಡಾಕ ಬರೂದಿಲ್ಲ. ಬ್ಯಾಡಾದ ಹಾಡು ಒಗದ ಹೋಗಾಕ ಬರ್ತಿ. ರಾಣಿ ಪಾತ್ರದಾಕಿ ಅವತ್ತ ರಾತ್ರಿ ಒಂದಾದ ಮ್ಯಾಲ ಒಂದು ಎಲ್ಲಾ ಹಾಡೂ ಕೈ ಬಿಡಬೇಕು. ಒಂದ ಹಲ್ಲಪುಡಿ ಹಾಡಿನ ಮ್ಯಾಲೂ ಇಷ್ಟ ಲೆಕ್ಕಾ ಹಾಕಾಕಿ, ಅಷ್ಟೆಲ್ಲಾ ಹ್ಯಾಂಗ ಬಿಟ್ಟೀ ಅಂತ ನನಗ ಅಂಜಿಕಿ.”

ನನಗೆ ಅವಮಾನವಾಯಿತು. ಕಣ್ಣಲ್ಲಿ ನೀರು ಬಂತು, ಬೆಳ್ಳುಳ್ಳಿ ನೆಪ ಹೇಳುವ ಹಾಗೂ ಇರಲಿಲ್ಲ, ಅದು ಕಮ್ಮಿ ಎಂದು ಆಗಲೇ ಅಂದುಬಿಟ್ಟಿದ್ದರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಬೈದುಕೊಂಡು ಮನೆಗೆ ಬಂದೆ. ಬೈಗುಳ ಮುಗಿಯುವಷ್ಟರಲ್ಲಿ ಅವರು ಹೇಳಿದ್ದು ಸರಿ ಅನ್ನಿಸತೊಡಗಿತ್ತು.

ಸರಿ, ಒಳ್ಳೆಯ ಹಾಡೇ ಕೊಡೋಣ ಎಂದು ಕೂತೆ. ಹಿಟ್ಟು ನಾದುತ್ತಾ ಒಂದೊಂದನ್ನೇ ನೆನೆಸಿಕೊಂಡೆ. ಅಜ್ಜಿಯ ಬೀಸುವ ಪದ ಇದೆ, ಅದು ತಂಗಿಯ ಮಗಳ ಮದುವೆಗೆಂದು ಇಟ್ಟದ್ದು. ಮಠದಲ್ಲಿ ಕಲಿತ ಮಂಗಳಾರತಿ ಇದೆ, ಅದನ್ನು ಕೊಟ್ಟರೆ ದೇವರಿಗೆ ಏನು ಹೇಳಲಿ. ಸೋದರತ್ತೆ ಕಲಿಸಿದ ಬೀಗರ ಹಾಡು ಇದೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸುವಂಥದ್ದು. ಅದನ್ನು ಕಸ್ತೂರವ್ವನ ಮಗನ ಮದುವೆಯಲ್ಲಿ ಅವಳ ಬೀಗಿತಿಯ ಮೇಲೆ ಪ್ರಯೋಗಿಸಬೇಕೆಂದು ಎಷ್ಟೋ ದಿನದಿಂದ ಕಾದಿದ್ದೆ. ಒಂದೊಂದು ಹಾಡನ್ನೂ ಎತ್ತಿ ನೋಡಿ, ಮತ್ತೆ ಮಡಿಚಿ ಇಟ್ಟೆ. ಎಲ್ಲಕ್ಕೂ ಒಂದೊಂದು ಮುಂದಿನ ದಿನ ನಿಗದಿಯಾಗಿತ್ತು.

ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಖ ನೋಡಿದರು. “ಏನಾತ?” ಅಂದರು. ಎಲ್ಲ ಹೇಳಿದೆ. ಅವರು ಬಹಳ ಯೋಚಿಸಲೂ ಇಲ್ಲ, “ಉಪ್ಪಿಂದ ಕೊಡು” ಅಂದರು.

“ಯಾವುದು?”

“ನಮ್ಮ ಉಪ್ಪಿನ ಹಾಡು. ಅದನ್ನ ಬಿಟ್ಟು ಚೊಲೋದು ನಿನ್ನ ಹಂತೇಕ ಯಾವದೈತಿ?”

ನಾನು ನಾದುವ ಕೈ ನಿಲ್ಲಿಸಿದೆ. “ಬಾಯಾಗ ಮಣ್ಣ ಹಾಕ್ಲಿ ಅಂಥಾ ಮಾತಿಗೆ! ಅದನ್ನ ಕೊಟ್ರ ಸಂಜೀಕ ನಿಮಗ ಯಾರ ಹಾಡ್ತಾರ್ರಿ? ನಿಮ್ಮ ಹಂತೇಕಂತೂ ಒಂದೂ ಉಳದಿಲ್ಲ.”

“ನಾ ಇಷ್ಟ ವರ್ಷ ಕೇಳೀನಲ್ಲ. ಹೊಟ್ಟಿ ತುಂಬೇತಿ.”

“ನನಗ ತುಂಬಿಲ್ಲ” ಅಂದೆ. ಅಂದಮೇಲೆ ನನಗೇ ನಾಚಿಕೆಯಾಗಿ ಒಲೆಯ ಕಡೆ ತಿರುಗಿದೆ. ಅವರು ಕಂಬಕ್ಕೆ ಒರಗಿ ಕೂತರು. ನಾನು ಬಾಗಿಲು ಮುಂದೆ ಮಾಡಿ ಗುನುಗಿದೆ. ಕೊನೆಗೆ ಅಂಗೈ ಎತ್ತಿದರು. ಎಂದಿನಂತೆಯೇ ಆಯಿತು, ಆದರೆ ಅವತ್ತು ಆ ಅಂಗೈಯನ್ನು ನಾನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ. ಅಂಟಿನ ಕಲೆ ಹತ್ತಿ ಒರಟಾದ ಕೈ. ಕೊನೆಗೆ ಬೀಗರ ಹಾಡು ಕೊಡುವುದೆಂದು ಗಟ್ಟಿ ಮಾಡಿಕೊಂಡೆ. ಕಸ್ತೂರವ್ವನ ಬೀಗಿತಿ ಬಚಾವಾದಳು ಎಂದುಕೊಂಡೆ.

ಹಾಡು ಕೊಡುವುದು ನಾಟಕದ ಚಪ್ಪರದಲ್ಲಿ, ಇಳಿಹೊತ್ತಿನಲ್ಲಿ. ಊರಿಗೆ ಊರೇ ಬಂದು ಕೂತಿರುತ್ತದೆ. ಒಳ್ಳೆಯ ಹಾಡು ಪೂರ್ತಿಯಾಗಿ ಕೇಳಸಿಗುವುದು ನಮ್ಮಲ್ಲಿ ಅಪರೂಪವಲ್ಲವೇ? ಬಾಣಂತಿಯರೂ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಂದು, ಹಾಡು ಶುರುವಾದಾಗ ಬಟ್ಟೆ ಸರಿಸಿ ಕೇಳುತ್ತಾರೆ. ಕಸ್ತೂರವ್ವ ನಮ್ಮ ರೊಟ್ಟಿ ಗುಂಪನ್ನೆಲ್ಲ ಕಟ್ಟಿಕೊಂಡು ನಡುವೆ ಕೂತಿದ್ದಳು. ಮುಂದಿನ ಸಾಲಿನಲ್ಲಿ ಮಾಜಿ ಮಹಾರಾಜರು, ಅವರ ನಡುವೆ ಇವರು, ಅಂಗಡಿಯ ಬಟ್ಟೆಯಲ್ಲೇ, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು.

ನನಗಿಂತ ಮೊದಲು ರಾಣಿ ಪಾತ್ರಕ್ಕೆ ಹಾಡು ಕೊಟ್ಟವಳು ಹೆಣ್ಣುಮಕ್ಕಳ ಶಾಲೆಯ ವಿಶಾಲಾಕ್ಷಿ ಟೀಚರ್. ಅವಳು ಸತ್ತ ತಾಯಿಯ ಕುಟ್ಟುವ ಪದ ಹಾಡಿದಳು. ಕೊನೆಯ ಸಾಲನ್ನೂ ಹಾಡಿ ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ನಕ್ಕು ಕೆಳಗಿಳಿದಳು. ಹಾಡು ಹೋಯಿತಲ್ಲ, ಅಳಬೇಕಿತ್ತು, ಆದರೆ ಅವಳ ಮುಖ ಹಗುರಾಗಿತ್ತು. ಚಪ್ಪರದ ಆ ಮೂಲೆಯಲ್ಲಿ ಯಾವಳೋ ಆಗಲೇ ಆ ಪದದ ಮೊದಲ ಸಾಲು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು.

ನನ್ನ ಹೆಸರು ಕರೆದರು. ಹಲಗೆಯ ಮೇಲೆ ನಿಂತೆ. ಇಮಾಮಸಾಬರು ತಿದಿ ಒತ್ತಿ ಶ್ರುತಿ ಹಿಡಿದು, “ಯಾವದವ್ವ?” ಎಂದು ಕೇಳಿದರು. “ಬೀಗರ ಹಾಡ್ರಿ” ಅಂದೆ. ಜನ ಮುಂಚೆಯೇ ನಗಲು ಸಿದ್ಧವಾಗಿ ಕೂತರು. ಆಗ ಇವರ ಮುಖ ಕಣ್ಣಿಗೆ ಬಿತ್ತು. ಉಳಿದ ಮಾಜಿ ರಾಜರೆಲ್ಲ ಏನೋ ಕಳಕೊಂಡವರಂತೆ ಕೂತಿದ್ದರೆ, ಇವರೊಬ್ಬರು ಉಂಡು ಕೈ ತೊಳೆದು, ಬೇರೆಯವರು ಉಣ್ಣುವುದನ್ನು ನೋಡಿ ಸಂತೋಷಪಡುವವರಂತೆ ಕೂತಿದ್ದರು. ನನಗೆ ಅನ್ನಿಸಿತು, ಎಲ್ಲವನ್ನೂ ಕೊಟ್ಟುಬಿಟ್ಟ ಈ ಮನುಷ್ಯ ಬಡವನಂತೆ ಕಾಣುವುದೇ ಇಲ್ಲ, ಟ್ರಂಕು ತುಂಬ ಇಟ್ಟುಕೊಂಡ ನಾನೇ ಹಸಿದವಳಂತೆ ನಿಂತಿದ್ದೇನಲ್ಲ. ಇವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಮದುವೆಯಾದಾಗಿನಿಂದ ಇದ್ದದ್ದೇ, ಆದರೆ ಆ ಗಳಿಗೆಯಲ್ಲಿ ತಡೆಯಲಾರದಷ್ಟು ಬಂತು.

“ಮಾಸ್ತರ್ರ, ಹಾಡ ಬದಲಿ ಮಾಡೇನ್ರಿ” ಅಂದೆ. ಕಸ್ತೂರವ್ವ ದೊಡ್ಡದಾಗಿ, “ಈಕೀಗೇನಾತ ಈಗ?” ಅಂದದ್ದು ನನ್ನ ಕಿವಿಗೇ ಬಿತ್ತು.

“ಸಂತೀಗಿ ಹೋದಾಂವ ಏನೇನು ತಂದಿ?” ಎಂದು ಎತ್ತಿದೆ. ಇಷ್ಟು ವರ್ಷ ಬಾಗಿಲು ಮುಚ್ಚಿ, ಕೆಳದನಿಯಲ್ಲಿ ಗುನುಗಿದ್ದ ಹಾಡು ಬಯಲಿಗೆ ಬಂದಾಗ ಇಷ್ಟು ಎತ್ತರವಿದೆ ಎಂದು ನನಗೇ ಗೊತ್ತಿರಲಿಲ್ಲ. ಇವರು ಒಮ್ಮೆ ಬೆನ್ನು ನೇರ ಮಾಡಿದರು. ‘ಉಪ್ಪ ಮರತ ಬಂದೆ’ ಎಂದಾಗ ಗಂಡಸರು ನಕ್ಕರು, ‘ಬಳಿ ಮರತ ಬಂದೆ’ ಎಂದಾಗ ಹೆಂಗಸರು ಗಂಡಂದಿರನ್ನು ತಿವಿದರು. ರೊಟ್ಟಿ ಗುಂಪು ಆಗಲೇ ಅಂಗೈ ಮೇಲೆ ಅಂಗೈ ತಟ್ಟಿ ಬಡಿತ ಹಿಡಿದಿತ್ತು. ಪೇಟಿ ಹಾಡಿನ ಹಿಂದೆ ಹಿಂದೆಯೇ ಬಂತು. ‘ಬರಿಗೈಲೆ ಬಂದಾಂವ ಏನ ಹೊತ್ತ ತಂದಿ’ ಎಂಬಲ್ಲಿಗೆ ಬಂದೆ.

ಅಲ್ಲಿಗೆ ನಿಂತುಬಿಟ್ಟೆ.

ಬೇಕೆಂದು ನಿಂತದ್ದಲ್ಲ. ನಮ್ಮೂರವರ ಬಾಯಿ ಮಾತ್ರ ಮಾಡುವ ತಪ್ಪು ಅದು. ಇಪ್ಪತ್ತಾರು ವರ್ಷ ದಿನಾ ಸಂಜೆ ಅದೇ ಜಾಗದಲ್ಲಿ ನಿಂತ ಬಾಯಿ, ಅಲ್ಲೇ ಹಾದಿ ಮುಗಿಯಿತು ಎಂದು ನಂಬಿತ್ತು. ಇಮಾಮಸಾಬರ ಬೆರಳು ಸ್ವರದ ಮೇಲೆ ಹಾಗೇ ಉಳಿಯಿತು. ‘ಮತ್ತ ಉಳಿಸಿದ್ಳು ನೋಡ ಜೀನಿ’ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಅವರ ತಪ್ಪಲ್ಲ. ನಾನು ಇವರ ಕೈ ನೋಡಿದೆ. ಈಗ ಅಂಗೈ ಎತ್ತುತ್ತಾರೆ, ಸಾಕು ಇಡು ಅನ್ನುತ್ತಾರೆ ಎಂದು ಕಾದೆ. ಅನ್ನಲಿ ಎಂದೂ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವರು ಹಾಗೆ ಮಾಡಿದ್ದರೆ ಅಷ್ಟಕ್ಕೇ ನಿಲ್ಲಿಸಿ, ರಾಣಿಯಾಗದೆ, ಹಾಡು ಉಳಿಸಿಕೊಂಡು, ಮನೆಗೆ ಹೋಗಿಬಿಡುತ್ತಿದ್ದೆ. ಕೈ ಮೊಣಕಾಲಿನ ಮೇಲೆಯೇ ಇತ್ತು. ಬೆರಳು ಸಹ ಅಲುಗಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ತಾವೇ ಕಟ್ಟಿ, ಒಂದೇ ಒಂದು ಸಲ ಹಾಡಿ, ಆಮೇಲೆ ಒಮ್ಮೆಯೂ ಕೇಳದ ಆ ಸಾಲಿಗಾಗಿ ಅವರಿಗೂ ಹಸಿವಿತ್ತು ಎಂದು ನನಗೆ ಆಗ ತಿಳಿಯಿತು. ಹೊಟ್ಟೆ ತುಂಬಿದೆ ಎಂದದ್ದು ನನಗೋಸ್ಕರ ಅಂದ ಮಾತು.

“ಹಾದಿ ತುಂಬ ನಿನ್ನ ಹೆಸರ ಹೊತ್ತ ತಂದೆ.”

ಹಾಡಿದೆ. ಇವರ ಮುಖ ನೋಡಿಕೊಂಡೇ, ಮೆಲ್ಲಗೆ ಇಳಿಸಿ ಹಾಡಿದೆ. ಬೆಂದ ರೊಟ್ಟಿ ಹಂಚು ಬಿಟ್ಟು ಏಳುವ ಹಾಗೆ ಹಾಡು ನನ್ನನ್ನು ಬಿಟ್ಟು ಎದ್ದಿತು. ನೋವೇನೂ ಆಗಲಿಲ್ಲ. ಚಪ್ಪಾಳೆಯ ಸದ್ದು ಸ್ವಲ್ಪ ತಡವಾಗಿ ಬಂತು. ಇವರು ಚಪ್ಪಾಳೆ ತಟ್ಟಲಿಲ್ಲ, ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಪಕ್ಕದ ಮಾಜಿ ಮಹಾರಾಜ ಅವರ ಬೆನ್ನು ಸವರುತ್ತಿದ್ದ.

ಇಮಾಮಸಾಬರು ತಟ್ಟೆಯಿಂದ ವೀಳ್ಯ ತೆಗೆದು ನನ್ನ ಕೈಯಲ್ಲಿಟ್ಟರು. ವೀಳ್ಯ ಕೊಟ್ಟರೆ ಪಾತ್ರ ಕೊಟ್ಟಂತೆ. “ಈಗ ಕೊಟ್ಟೆವ್ವ” ಎಂದಷ್ಟೇ ಅಂದರು. ವಿಶಾಲಾಕ್ಷಿ ಟೀಚರ್‌ಗೆ ವನದೇವಿಯ ಪಾತ್ರ ಸಿಕ್ಕಿತು, ಅವಳು ಬಂದು ನನ್ನನ್ನು ತಬ್ಬಿಕೊಂಡು, “ಇಂಥಾದ್ದು ಒಳಗ ಇಟ್ಕೊಂಡು ಮಗ್ಗಿ ಹೇಳಿದ್ರೆಲ್ರೀ ನೀಲವ್ವಾರ” ಎಂದು ಬೆನ್ನಿಗೆ ಒಂದು ಗುದ್ದಿದಳು. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ. ಕಸ್ತೂರವ್ವನ ಕಟ್ಟೆಯ ಮೇಲೆ ಎಲ್ಲರೂ ಕೂತು ಚುರುಮುರಿ ತಿಂದೆವು, ಮನೆಗೆ ಬಂದು ಸೋತು ಮಲಗಿದೆವು. ಗುನುಗುವ ಹೊತ್ತು ಅವತ್ತು ಗಲಾಟೆಯಲ್ಲೇ ಕಳೆದುಹೋಗಿತ್ತು.

ಮರುದಿನ ಸಂಜೆ ಗೊತ್ತಾಯಿತು. ಇವರು ಅಂಗಡಿ ಮುಚ್ಚಿ, ಕೈ ತೊಳೆದು, ಬಂದು ಕಂಬಕ್ಕೆ ಒರಗಿದರು. ನಾನು ರೂಢಿಯಂತೆ ಬಾಗಿಲು ಮುಂದೆ ಮಾಡಿ ಬಾಯಿ ತೆರೆದೆ. ಏನೂ ಬರಲಿಲ್ಲ. ಮಾತುಗಳೆಲ್ಲ ಇದ್ದವು, ಒಂದೂ ಏಳಲಿಲ್ಲ. ಗೊತ್ತಿದ್ದೇ ಕೊಟ್ಟದ್ದು, ಆದರೂ ಅಳು ಒತ್ತರಿಸಿ ಬಂತು. ಮುಖ ತೋರಿಸಲಾರದೆ ಒಲೆಯ ಮುಂದೆ ಹೋಗಿ ಸಾರಿನ ಮುಚ್ಚಳ ತೆಗೆದೆ. ಉಪ್ಪಿನ ಡಬ್ಬಿ ನೋಡಿದರೆ ತಳ ಕಾಣುತ್ತಿತ್ತು. ಮಾತಿಗೆ ಅದೇ ಸಿಕ್ಕಿತು. “ರೀ, ಉಪ್ಪ ಆಗೇತಿ. ಅಂಗಡಿಗಿ ಹೋಗಿ ಒಂದ ಪಾಕೀಟ ತರ್ರಿ” ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಕಿರಾಣಿ ಅಂಗಡಿ ಓಣಿಯ ತುದಿಯಲ್ಲೇ ಇದೆ, ಹೋಗಿ ಬರಲು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತೂ ಬೇಡ. ಇವರ ಪತ್ತೆಯಿಲ್ಲ. ಸಾರು ಕುದ್ದು ಕುದ್ದು ಕಾಲು ಭಾಗ ಇಂಗಿತು. ಎಲ್ಲಿ ಹೋಗಿ ಕೂತರೋ ಎಂದು ಬಾಗಿಲು ತೆರೆದು ಹೊಸಿಲಿಗೆ ಬಂದು ನಿಂತೆ. ಆಗ ಕೇಳಿಸಿತು. ಪಕ್ಕದಲ್ಲಿ ಕಸ್ತೂರವ್ವ ರೊಟ್ಟಿ ಬಡಿಯುತ್ತಾ, ಉಪ್ಪ ಮರತ ಬಂದೆ, ಸೊಪ್ಪ ಮರತ ಬಂದೆ ಎಂದು ದೊಡ್ಡ ಗಂಟಲಲ್ಲಿ ಹಾಡುತ್ತಿದ್ದಳು. ಎದುರು ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಬಳಿ ಮರತ ಬಂದೆ ಎಂದು ರಾಗ ಎಳೆಯುತ್ತಿದ್ದಳು, ಎಳೆಯುವುದು ಸ್ವಲ್ಪ ಹೆಚ್ಚೇ ಆಯಿತು. ಅದರಾಚೆಯ ಮನೆಯಲ್ಲಿ ಗಂಡಸಿನ ದನಿ. ಓಣಿಯ ಉದ್ದಕ್ಕೂ ಒಂದೊಂದು ಮನೆಯಲ್ಲಿ ಹಾಡಿನ ಒಂದೊಂದು ತುಂಡು ಓಡಾಡುತ್ತಿತ್ತು. ಎಲ್ಲರೂ ‘ಏನ ಹೊತ್ತ ತಂದಿ’ಗೆ ಬಂದು ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಮ್ಮೂರವರಲ್ಲವೇ, ಕೊನೆಯ ಸಾಲು ಎಲ್ಲರೂ ಜೋಪಾನ ಮಾಡಿದ್ದರು. ನಮ್ಮ ಬಾಗಿಲ ಹಿಂದೆ ಇಷ್ಟು ವರ್ಷ ಮುಚ್ಚಿಟ್ಟದ್ದು ಇನ್ನು ಯಾವ ಬಾಗಿಲು ಹಾಕಿದರೂ ಒಳಗೆ ಉಳಿಯುವ ಹಾಗಿರಲಿಲ್ಲ.

ಇವರು ಓಣಿಯ ನಡುವೆ ಕಂಡರು. ಒಂದು ಮನೆಯ ಮುಂದೆ ನಿಲ್ಲುವುದು, ಕೇಳುವುದು, ನಾಲ್ಕು ಹೆಜ್ಜೆ ಇಡುವುದು, ಮತ್ತೆ ಇನ್ನೊಂದು ಮನೆಯ ಮುಂದೆ ನಿಲ್ಲುವುದು. ಹಾಗೇ ನಿಂತು ನಿಂತು ನಮ್ಮ ಬಾಗಿಲಿಗೆ ಬಂದರು. ಎರಡೂ ಕೈ ಬರಿದು.

ನಾನು ಸೊಂಟದ ಮೇಲೆ ಕೈ ಇಟ್ಟು, “ಉಪ್ಪೆಲ್ಲೈತ್ರಿ?” ಅಂದೆ.

ಅವರು ತಮ್ಮ ಅಂಗೈ ನೋಡಿಕೊಂಡರು. ಆಗಲೇ ಅವರಿಗೆ ನೆನಪಾದದ್ದು. ಅಂದು ಹೊಸ ಮದುಮಗನಾಗಿ ನಿಂತ ಜಾಗದಲ್ಲೇ ನಿಂತಿದ್ದರು. ಬಾಯಿ ತೆರೆದರು, ಖಾಲಿ ಗಂಟಲು, ರಾಗ ಬರಲಿಲ್ಲ. ಕಸ್ತೂರವ್ವನ ಮನೆಯಿಂದ ಹಾಡು ಏನ ಹೊತ್ತ ತಂದಿ ಎಂಬಲ್ಲಿಗೆ ಬಂದು ನಿಂತಿತು. ಆ ನಿಲುಗಡೆಯಲ್ಲಿ ಇವರು ನನ್ನ ಮುಖವನ್ನು ನೇರ ನೋಡಿ, ನಮ್ಮೂರಿನಲ್ಲಿ ಯಾರೂ ಯಾರಿಗೂ ಹೇಳದ ಹಾಗೆ, ಬರೀ ಮಾತಾಗಿ ಹೇಳಿದರು. “ಹಾದಿ ತುಂಬ ನಿನ್ನ ಹೆಸರ ಹೊತ್ತ ತಂದೇನಿ, ನೀಲಾ.”

ಹೇಳಿ, ಕಿವಿಯವರೆಗೂ ಕೆಂಪಾಗಿ, ತಲೆ ತಗ್ಗಿಸಿ ಒಳಗೆ ನುಗ್ಗಿದರು. ನಾನು ಬಾಗಿಲು ಹಾಕಲಿಲ್ಲ. ಒಲೆಯ ಕಡೆಗೆ ನಿಧಾನ ತಿರುಗಿದೆ.

ಅವತ್ತಿನ ಸಾರು ಸಪ್ಪಗಿತ್ತು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡೆವು.